ಹೆಸರು ಬದಲಿಸಲು ಅಫಿಡವಿಟ್ ಒಂದೇ ಸಾಲದು

ಓದುಗರ ಪತ್ರ: ನಾನು ಮನೆಯಲ್ಲಿ ನಾಲ್ಕನೆಯ ಹೆಣ್ಣುಮಗಳು. ‘ಇನ್ನು ಹೆಣ್ಣು ಸಾಕು’ ಅಂತ ಅಜ್ಜಿ ನನಗೆ ಸಾಕವ್ವ ಎಂದು ಹೆಸರಿಟ್ಟರಂತೆ. ಪಿಯುಸಿ ಮುಗಿದಿದೆ, ಹದಿನೆಂಟು ತುಂಬಿದೆ. ಡಿಗ್ರಿ ಸೇರುವ ಮೊದಲೇ ಹೆಸರು ಬದಲಿಸಿಕೊಳ್ಳುವ ಆಸೆ. ಬಾಂಡ್ ಪೇಪರಿನ ಮೇಲೆ ಅಫಿಡವಿಟ್ ಮಾಡಿಸಿದರೆ ಮುಗೀತು ಅಂತ ಕೋರ್ಟಿನ ಮುಂದಿನ ಟೈಪಿಸ್ಟ್ ಹೇಳುತ್ತಾರೆ. ಮುಂದೆ ನೌಕರಿಗೆ ತೊಂದರೆಯಾಗುತ್ತದೆ, ಸುಮ್ಮನಿರು ಅಂತ ಅಪ್ಪ ಹೇಳುತ್ತಾರೆ. ಯಾರ ಮಾತು ಕೇಳಲಿ?
– ಕೊಪ್ಪಳ ಜಿಲ್ಲೆಯ ಓದುಗರು

ಸಂಪಾದಕರ ಉತ್ತರ:

ತಂಗಿ, ಬದಲಿಸಿಕೊಳ್ಳಿ. ಬೆಂಗಳೂರಿನ ಬಸವನಗುಡಿಯಲ್ಲಿ ಕಾಫಿಪುಡಿ ವ್ಯಾಪಾರ ಮಾಡಿ ಹೆಸರಾದ ಸಾಕಮ್ಮನವರ ಕಥೆ ಹೇಳಿ ನಿಮ್ಮನ್ನು ಸಮಾಧಾನ ಮಾಡಬಹುದಿತ್ತು. ಆದರೆ ತರಗತಿಯಲ್ಲಿ ಹಾಜರಿ ಕೂಗಿದಾಗಲೆಲ್ಲ ತಾನು ಬೇಡದ ಮಗುವಾಗಿ ಹುಟ್ಟಿದೆ ಎಂಬುದನ್ನು ಕೇಳಿಸಿಕೊಳ್ಳುತ್ತಾ ಬೆಳೆದವರಿಗೆ ಅಂಥ ಸಮಾಧಾನ ಹೇಳುವುದು ನ್ಯಾಯವಲ್ಲ. ಈ ನೋವು ನಿಮ್ಮೊಬ್ಬರದೂ ಅಲ್ಲ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಗಂಡುಮಗುವಿಗಾಗಿ ಕಾದ ಮನೆಗಳು ಹೆಣ್ಣುಮಕ್ಕಳಿಗೆ ‘ನಕುಸಾ’, ಅಂದರೆ ಬೇಡವಾದವಳು, ಎಂದು ಹೆಸರಿಡುತ್ತಿದ್ದವು. 2011ರಲ್ಲಿ ಅಲ್ಲಿನ ಆಡಳಿತವೇ ಮುಂದೆ ನಿಂತು ಸಮಾರಂಭ ಮಾಡಿ ಅಂಥ 250ಕ್ಕೂ ಹೆಚ್ಚು ಹುಡುಗಿಯರಿಗೆ ಹೊಸ ಹೆಸರು ಕೊಟ್ಟಿತು. ನಿಮಗೆ ಅಂಥ ಸಮಾರಂಭ ಯಾರೂ ಮಾಡಿಕೊಡುತ್ತಿಲ್ಲ, ನೀವೇ ಓಡಾಡಬೇಕಾಗಿದೆ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಅಪ್ಪನ ಭಯ ಸುಳ್ಳಲ್ಲ. ತೊಂದರೆ ಬರುವುದು ಹೆಸರು ಬದಲಿಸಿದ್ದಕ್ಕಲ್ಲ, ಅರ್ಧಕ್ಕೆ ಬಿಟ್ಟಿದ್ದಕ್ಕೆ. ಟೈಪಿಸ್ಟ್ ಹೇಳುವ ಅಫಿಡವಿಟ್ ಮೊದಲ ಮೆಟ್ಟಿಲು ಮಾತ್ರ. ನಮ್ಮಲ್ಲಿ ಎಲ್ಲ ದಾಖಲೆಗೂ ಬೇರು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ಪಿಯುಸಿಯವರು ಅದನ್ನು ನೋಡಿ ಹೆಸರು ಬರೆಯುತ್ತಾರೆ, ವಿಶ್ವವಿದ್ಯಾಲಯವೂ ಅದನ್ನೇ ಅನುಸರಿಸುತ್ತದೆ, ನೌಕರಿಯ ಅರ್ಜಿಯಲ್ಲಿ ಹತ್ತನೆಯ ತರಗತಿಯ ಪ್ರಮಾಣಪತ್ರದಲ್ಲಿ ಇದ್ದಂತೆ ಹೆಸರು ಬರೆಯಿರಿ ಅನ್ನುತ್ತಾರೆ. ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಇದ್ದು, ನಡುವೆ ಗಟ್ಟಿ ಕಾಗದ ಇಲ್ಲದಿದ್ದರೆ ದಾಖಲೆ ಪರಿಶೀಲನೆಯ ದಿನ ಕಣ್ಣೀರಿಡಬೇಕಾಗುತ್ತದೆ.

ಗಟ್ಟಿ ಕಾಗದ ಅಂದರೆ ಗೆಜೆಟ್, ಸರ್ಕಾರವೇ ಹೊರಡಿಸುವ ಅಧಿಕೃತ ಪ್ರಕಟಣೆ. ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ಹಳೆಯ ಹೆಸರು, ಹೊಸ ಹೆಸರು, ತಂದೆಯ ಹೆಸರು, ವಿಳಾಸ ನಾಲ್ಕೂ ಅದರಲ್ಲಿರಲಿ. ಆಮೇಲೆ ಒಂದು ಕನ್ನಡ, ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಿ. ಪ್ರಕಟಣೆ ಬಂದ ಪತ್ರಿಕೆಯನ್ನು ಕತ್ತರಿಸಬೇಡಿ, ದಿನಾಂಕವಿರುವ ಇಡೀ ಪುಟ ಎತ್ತಿಡಿ, ಎರಡು ಮೂರು ಪ್ರತಿ ಇದ್ದರೆ ಒಳ್ಳೆಯದು. ಇವನ್ನೂ ಇಬ್ಬರು ಸಾಕ್ಷಿಗಳ ಸಹಿ ಇರುವ ನಮೂನೆಯನ್ನೂ ಸೇರಿಸಿ ದೆಹಲಿಯಲ್ಲಿರುವ ಕೇಂದ್ರ ಪ್ರಕಟಣಾ ಇಲಾಖೆಗೆ ಅರ್ಜಿ ಹಾಕಿದರೆ ಭಾರತದ ಗೆಜೆಟ್‌ನ 4ನೆಯ ಭಾಗದಲ್ಲಿ ನಿಮ್ಮ ಹೊಸ ಹೆಸರು ಪ್ರಕಟವಾಗುತ್ತದೆ.

ಇಂಗ್ಲಿಷ್ ಸ್ಪೆಲ್ಲಿಂಗ್ ಮತ್ತು ಇನಿಷಿಯಲ್ ಬಗ್ಗೆ ಮಾತ್ರ ಮನೆಯಲ್ಲಿ ಕೂತು ನಿಧಾನವಾಗಿ ತೀರ್ಮಾನಿಸಿ. ಇನಿಷಿಯಲ್ ಹಿಂದೆಯೋ ಮುಂದೆಯೋ, ಬಿಡಿಸಿ ಬರೆಯುವುದೋ ಬೇಡವೋ ಎಂಬುದನ್ನು ಅಫಿಡವಿಟ್‌ಗೆ ಮುಂಚೆಯೇ ಗಟ್ಟಿ ಮಾಡಿಕೊಳ್ಳಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವನದಲ್ಲಿ ಎರಡೇ ಸಲ ಅವಕಾಶ. ಒಂದು ಅಕ್ಷರದ ತಪ್ಪಿಗೆ ಅದರಲ್ಲೊಂದನ್ನು ಕಳೆದುಕೊಳ್ಳಬೇಡಿ.

ಇನ್ನು ಮಾರ್ಕ್ಸ್ ಕಾರ್ಡ್. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಸರಿಯಿದ್ದು ಕಾರ್ಡಿನಲ್ಲಿ ತಪ್ಪಾಗಿದ್ದರೆ ಮುಖ್ಯೋಪಾಧ್ಯಾಯರ ಮೂಲಕ ಶಾಲಾ ಪರೀಕ್ಷಾ ಮಂಡಳಿಗೆ ಬರೆದು ತಿದ್ದಿಸಬಹುದು. ನಿಮ್ಮದು ಆ ಬಗೆಯದಲ್ಲ, ನೀವು ಹೊಸ ಹೆಸರನ್ನೇ ಕೇಳುತ್ತಿದ್ದೀರಿ. 2021ರ ಜೂನ್‌ನಲ್ಲಿ ಸಿಬಿಎಸ್‌ಇ ಎಂಬ ಕೇಂದ್ರ ಶಿಕ್ಷಣ ಮಂಡಳಿ ಕುರಿತ ಜಿಗ್ಯಾ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ವ್ಯತ್ಯಾಸವನ್ನು ಬಿಡಿಸಿ ಹೇಳಿತು. ಹೆಸರು ಸಂವಿಧಾನದ 19ನೆಯ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದು, ಮಂಡಳಿ ಸುಮ್ಮನೆ ಆಗುವುದಿಲ್ಲ ಅನ್ನುವಂತಿಲ್ಲ ಎಂದಿತು. ಆದರೆ ಹೊಸ ಹೆಸರಾದರೆ ನ್ಯಾಯಾಲಯದ ಘೋಷಣೆ, ಗೆಜೆಟ್ ಪ್ರಕಟಣೆ ಎರಡೂ ಬೇಕು, ಹಳೆಯ ಹೆಸರೂ ಪ್ರಮಾಣಪತ್ರದಲ್ಲಿ ಕಾಣಬೇಕು ಎಂದೂ ಹೇಳಿತು. ಆ ತೀರ್ಪು ನಮ್ಮ ರಾಜ್ಯ ಮಂಡಳಿಯ ಕುರಿತದ್ದಲ್ಲ. ಆದರೂ ನಿಮ್ಮ ವಕೀಲರು ಅದನ್ನು ಆಧಾರವಾಗಿ ಮುಂದಿಡಬಹುದು.

ಹಾಗಾಗಿ ನಿಮ್ಮ ಊರಿನ ಸಿವಿಲ್ ಕೋರ್ಟಿನಲ್ಲಿ ಹೊಸ ಹೆಸರು ನಿಮ್ಮದೇ ಎಂಬ ಘೋಷಣೆ ಕೋರಿ ದಾವೆ ಹೂಡಬೇಕಾಗುತ್ತದೆ. ಸರ್ಕಾರವನ್ನು ಪ್ರತಿವಾದಿ ಮಾಡುವುದಾದರೆ ಎರಡು ತಿಂಗಳು ಮೊದಲೇ ನೋಟಿಸ್ ಕೊಡಬೇಕು, ಆದ್ದರಿಂದ ವಕೀಲರನ್ನು ಕೊನೆಗಲ್ಲ, ಮೊದಲೇ ಕಾಣಿರಿ. ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಹೆಸರಿಗಾಗಿ ಹದಿನೆಂಟರ ಹುಡುಗಿ ಕೋರ್ಟು ಹತ್ತಬೇಕಾಗಿರುವುದು ನನಗೆ ಒಪ್ಪಿಗೆಯಿಲ್ಲ. ಉಡುಪಿಯ ಒಂದು ಮಗುವಿನ ಜನನ ಪ್ರಮಾಣಪತ್ರದ ಪ್ರಕರಣದಲ್ಲಿ ನಮ್ಮ ಹೈಕೋರ್ಟ್, ಹೊಸ ಹೆಸರನ್ನು ದಾಖಲಿಸಿ ಹಳೆಯದನ್ನೂ ಉಳಿಸಿಕೊಳ್ಳುವ ದಾರಿ ತೋರಿಸಿದೆ. ಅದೇ ರೀತಿ ಗೆಜೆಟ್ ತಂದವರಿಗೆ ಎರಡೂ ಹೆಸರು ಇರುವ ಮಾರ್ಕ್ಸ್ ಕಾರ್ಡನ್ನು ಶಾಲಾ ಪರೀಕ್ಷಾ ಮಂಡಳಿ ಯಾಕೆ ಕೊಡಬಾರದು? ಈ ಪ್ರಶ್ನೆಯನ್ನು ಮಂಡಳಿಗೆ ನಮ್ಮ ಪತ್ರಿಕೆಯಿಂದ ಬರೆದು ಕೇಳುತ್ತೇವೆ.

ಹಳೆಯ ಹೆಸರು ಕಾರ್ಡಿನ ಮೂಲೆಯಲ್ಲಿ ಉಳಿಯುತ್ತದೆಂದು ನೊಂದುಕೊಳ್ಳಬೇಡಿ. ನೀವು ಓದಿ ಗಳಿಸಿದ ಅಂಕ ನಿಮ್ಮದೇ ಎಂದು ತೋರಿಸುವುದಕ್ಕೆ ಅದು ಬೇಕು. ಅಜ್ಜಿಯ ಮೇಲೆ ಕೋಪವಿದ್ದರೆ ಇರಲಿ, ಅದಕ್ಕೆ ಯಾರ ಅನುಮತಿಯೂ ಬೇಡ. ಅಪ್ಪನಿಗೆ ಮಾತ್ರ ಈ ಪುಟ ಓದಿ ಹೇಳಿ. ಗೆಜೆಟ್ ಪ್ರತಿ ಕೈಯಲ್ಲಿದ್ದರೆ ನೌಕರಿಯ ಬಾಗಿಲು ಮುಚ್ಚುವುದಿಲ್ಲ ಎಂದು ತಿಳಿದರೆ ಅವರೇ ಸಾಕ್ಷಿ ಸಹಿಗೆ ಜನ ಹುಡುಕಿಕೊಟ್ಟಾರು.

ಡಿಗ್ರಿ ಪ್ರವೇಶಕ್ಕಾಗಿ ಈ ಕೆಲಸ ಮುಗಿಯುವವರೆಗೆ ಕಾಯಬೇಡಿ. ಕಾಲೇಜಿಗೆ ಈಗಿರುವ ಹೆಸರಿನಲ್ಲೇ ಸೇರಿ. ಅರ್ಜಿಯಲ್ಲಿ ಹೊಸ ಹೆಸರನ್ನು ಆಸೆಪಟ್ಟು ಬರೆಯಬೇಡಿ. ಎಸ್ಸೆಸ್ಸೆಲ್ಸಿ ಕಾರ್ಡ್ ಬದಲಾದ ಮೇಲೆ ಪಿಯುಸಿ, ವಿಶ್ವವಿದ್ಯಾಲಯ, ಬ್ಯಾಂಕ್, ಪ್ಯಾನ್ ಎಂದು ಒಂದೊಂದಾಗಿ ಅರ್ಜಿ ಕೊಡುತ್ತಾ ಹೋಗಿ.