‘ಇರ್‌ಲಿಖ್ಟ್’ನಲ್ಲಿ ಕೇಳುವುದಕ್ಕೆ ಏನಿದೆ?

ಜರ್ಮನಿಯ ಸಂಗೀತಗಾರ ಕ್ಲೌಸ್ ಶುಲ್ಟ್ಸೆ ಅವರ ‘ಇರ್‌ಲಿಖ್ಟ್’ ಧ್ವನಿಮುದ್ರಿಕೆ ಹಾಕಿಕೊಂಡು ಹತ್ತು ನಿಮಿಷ ಕಾದರೂ ಸಂಗೀತ ಶುರುವಾಗಲಿಲ್ಲ, ಬರೀ ಗುಂಯ್‌ಗುಡುವ ಸದ್ದು, ಇದನ್ನು ಹೇಗೆ ಕೇಳುವುದು ಎಂದು ಕೇಳಿದ್ದೀರಿ. ನೀವು ಕಾಯುತ್ತಿರುವುದು ಅದರಲ್ಲಿ ಕೊನೆಯವರೆಗೂ ಬರುವುದಿಲ್ಲ. ತಂಬೂರಿಯ ಅಭ್ಯಾಸವಿರುವ ನಮ್ಮ ಕಿವಿಗೆ ತೊಡಕಾಗುವುದು ಇಲ್ಲಿಯೇ. ಶ್ರುತಿ ಸೇರಿತೆಂದರೆ ಗಾಯಕರು ಇನ್ನೇನು ಷಡ್ಜ ಹಿಡಿಯುತ್ತಾರೆ ಎಂದು ಮನಸ್ಸು ಮುಂದಕ್ಕೆ ಓಡುತ್ತದೆ. ಈ ಸಂಗೀತದಲ್ಲಿ ಗಾಯಕರಿಲ್ಲ, ಶ್ರುತಿಯದೇ ಕಛೇರಿ. ಆದ್ದರಿಂದ ರಾಗವನ್ನು ಹುಡುಕಬೇಡಿ, ಸದ್ದಿನ ಬಣ್ಣ ಯಾವಾಗ ಬದಲಾಯಿತು ಎಂಬುದನ್ನು ಗಮನಿಸಿ. ಬದಲಾದದ್ದು ತಿಳಿಯುವಷ್ಟರಲ್ಲಿ ಅದು ಆಗಿ ಹೋಗಿರುತ್ತದೆ. ನನಗೆ ರುಚಿ ಹತ್ತಿದ್ದು ಆ ಕಾರಣಕ್ಕೆ.

ಅದನ್ನು ಮಾಡಿದ ಬಗೆ ಗೊತ್ತಾದರೆ ಕಿವಿ ಇನ್ನಷ್ಟು ಚುರುಕಾಗುತ್ತದೆ. 1972ರ ಈ ಧ್ವನಿಮುದ್ರಿಕೆಯನ್ನು ಎಲ್ಲರೂ ಎಲೆಕ್ಟ್ರಾನಿಕ್ ಎನ್ನುತ್ತಾರೆ, ಆದರೆ ಅದರಲ್ಲಿ ಸಿಂಥಸೈಜರ್ (ವಿದ್ಯುತ್ ಸಂಕೇತಗಳಿಂದ ಬಗೆಬಗೆಯ ಸದ್ದು ಹುಟ್ಟಿಸುವ ವಾದ್ಯ) ಇಲ್ಲವೇ ಇಲ್ಲ! ಶುಲ್ಟ್ಸೆ ಬಳಿ ಆಗ ಇದ್ದದ್ದು ತಾನೇ ಬಿಚ್ಚಿ ತಿದ್ದಿಕೊಂಡ ಒಂದು ವಿದ್ಯುತ್ ಆರ್ಗನ್, ಕೆಟ್ಟ ಗಿಟಾರ್ ಆಂಪ್ಲಿಫೈಯರ್, ಜೊತೆಗೆ ವಾದ್ಯವೃಂದವೊಂದರ ಟೇಪು. ಆ ಟೇಪನ್ನು ಹಿಂದುಮುಂದಾಗಿ ಓಡಿಸಿದರು. ತಂತಿವಾದ್ಯದ ಸ್ವರ ಹೀಗೆ ತಿರುವುಮುರುವಾದಾಗ ಮೊದಲ ಮೀಟು ಕೊನೆಗೆ ಬೀಳುತ್ತದೆ. ಸದ್ದು ಎಲ್ಲಿಂದಲೋ ಊದಿಕೊಂಡು ಬಂದು ಥಟ್ಟನೆ ನಿಲ್ಲುತ್ತದೆ. ಮೊದಲ ಭಾಗದಲ್ಲಿ ಆ ಮಸುಕಿನೊಳಗಿನಿಂದ ಆರ್ಗನ್ ಮೇಲೇಳುವುದನ್ನು ಕಾದು ಕೇಳಿ. ಅಂದಹಾಗೆ, ಶುಲ್ಟ್ಸೆ ಅದಕ್ಕೂ ಮೊದಲು ಟ್ಯಾಂಜರಿನ್ ಡ್ರೀಮ್ ಮತ್ತು ಆಶ್ ರಾ ಟೆಂಪೆಲ್ ತಂಡಗಳಲ್ಲಿ ಡ್ರಮ್ ಬಾರಿಸುತ್ತಿದ್ದವರು. ತಾಳವಾದ್ಯದವರೇ ತಾಳವನ್ನು ಪೂರ್ತಿ ಕೈಬಿಟ್ಟದ್ದು ನನಗಂತೂ ಬಹಳ ಇಷ್ಟ.

ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಮಂದ್ರದ ಸದ್ದೆಲ್ಲ ಮಾಯವಾಗಿ ಸೊಳ್ಳೆಯ ಗುಂಯ್ ಅಷ್ಟೇ ಉಳಿಯುತ್ತದೆ. ಧ್ಯಾನಕ್ಕೆ, ನಿದ್ದೆಗೆ ಹಿನ್ನೆಲೆಯಾಗಿ ಹಾಕಿಕೊಳ್ಳಿ ಎಂಬ ಸಲಹೆಯನ್ನೂ ನಾನು ಒಪ್ಪುವುದಿಲ್ಲ. ಇದರಲ್ಲಿ ನೆಮ್ಮದಿಗಿಂತ ದಿಗಿಲೇ ಹೆಚ್ಚು.

ಇಷ್ಟಾದರೂ ಹಿಡಿಸದಿದ್ದರೆ ಅದೇ ವರ್ಷದ ಟ್ಯಾಂಜರಿನ್ ಡ್ರೀಮ್‌ನ ‘ತ್ಸೈಟ್’ನಿಂದ ಶುರು ಮಾಡಿ. ಅದರ ಮೊದಲ ಭಾಗದಲ್ಲಿ ನಾಲ್ಕು ಸೆಲ್ಲೊಗಳಿವೆ. ಕಟ್ಟಿಗೆ, ತಂತಿ, ಕಮಾನಿನ ಸದ್ದಾದ್ದರಿಂದ ಕಿವಿಗೆ ಹಿಡಿತ ಸಿಗುತ್ತದೆ. ಅಲ್ಲಿ ಮೂಗ್ ಸಿಂಥಸೈಜರ್ ನುಡಿಸಿದವರು ಪೋಪೋಲ್ ವೂ ತಂಡದ ಫ್ಲೋರಿಯಾನ್ ಫ್ರಿಕೆ. ಅವರ ತಂಡದ್ದೇ ‘ಹೊಸಿಯಾನ್ನಾ ಮಂತ್ರ’ದಲ್ಲಿ ನಿಜವಾದ ತಂಬೂರಿಯೇ ಇದೆ, ಆದರೆ ಅದು ಇಂಪಾದ ಸಂಗೀತ, ದಾರಿ ಬೇರೆ. ಕ್ಲಸ್ಟರ್ ತಂಡದ 1971ರ ಧ್ವನಿಮುದ್ರಿಕೆ ಯಂತ್ರಶಾಲೆಯ ಗದ್ದಲದಂತಿದೆ. ಒರಟು ಸದ್ದು ಒಗ್ಗುವವರಾದರೆ ನೇರವಾಗಿ ಅದಕ್ಕೇ ಹೋಗಬಹುದು. ಶುಲ್ಟ್ಸೆಯ ಮುಂದಿನ ಕೃತಿ ‘ಸೈಬೋರ್ಗ್’ ಅನ್ನು ಸದ್ಯಕ್ಕೆ ಮುಟ್ಟಬೇಡಿ. ಎರಡು ಎಲ್‌ಪಿ ತಟ್ಟೆಗಳು, ನಾಲ್ಕೇ ರಚನೆಗಳು, ಒಂದೊಂದೂ 20 ನಿಮಿಷ ದಾಟುತ್ತದೆ. ‘ಇರ್‌ಲಿಖ್ಟ್’ನ ಎರಡನೆಯ ಮಗ್ಗುಲು ಚಿಕ್ಕದಾಯಿತು ಎನ್ನಿಸತೊಡಗಿದಾಗ ಅದನ್ನು ತೆಗೆಯಿರಿ.