ಸಂಪಾದಕರ ಉತ್ತರ: ಅರ್ಲ್ ಸತ್ತ ಮೇಲೆ ಬಂದ ಕಂದಾಯದವರು

ಹಾವೇರಿ ಕಡೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಕಂದಾಯ ಇಲಾಖೆಯಲ್ಲಿದ್ದು ನಿವೃತ್ತರಾದವರು. ಹೆಸರು ಹಾಕಬೇಡಿ ಎಂದಿದ್ದಾರೆ. ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್‌ನ ಅಸ್ಥಿಪಂಜರ ಕಾರ್ ನಿಲ್ಲಿಸುವ ಜಾಗದಲ್ಲಿ ಸಿಕ್ಕ ಕಥೆ ಹಾಕಿದ್ದೆವು. ಜೊತೆಗೆ ಒಂದು ವಂಶವೃಕ್ಷವನ್ನೂ ಅಚ್ಚು ಹಾಕಿದ್ದೆವು. ಅವರ ತಕರಾರು ಆ ವಂಶವೃಕ್ಷದ ಮೇಲೆ. ಪತ್ರದ ಮುಖ್ಯ ಭಾಗ ಇದು:

"ನಮ್ಮೂರಿಗೆ ಹೆಳವರು ಬಂದು ಏಳೆಂಟು ತಲೆಮಾರು ಹೇಳಿದರೆ ಓದಿದವರು ಬಾಯಿಮಾತು ಅಂತ ನಗುತ್ತಾರೆ. ಇಂಗ್ಲೆಂಡಿನವರು 800 ವರ್ಷದ ಹಿಂದಿನ ಅಪ್ಪ-ಮಗನ ಹೆಸರು ಹೇಳಿದರೆ ನೀವು ಇತಿಹಾಸ ಅಂತ ಅಚ್ಚು ಹಾಕುತ್ತೀರಿ. ಅದರಲ್ಲಿ ನೋಡಿದರೆ ಬರೀ ರೋಜರ್, ಎಡ್ಮಂಡ್, ಗಿಲ್ಬರ್ಟ್. ಹೆಣ್ಣುಮಕ್ಕಳು ನಡುವೆ ಎಲ್ಲಿಂದಲೋ ಬರುತ್ತಾರೆ, ಮತ್ತೆ ಮಾಯ. ಕೊನೆಗೆ ಡಿಎನ್‌ಎ ಕೂಡ ಹೊಂದಲಿಲ್ಲ ಅಂತ ನೀವೇ ಬರೆದಿದ್ದೀರಿ. ಇದೆಲ್ಲ ದೊಡ್ಡಮನೆಯವರು ದುಡ್ಡು ಕೊಟ್ಟು ಬರೆಸಿಕೊಂಡದ್ದು ಅಲ್ವಾ?"

ಸರ್, ದುಡ್ಡು ಕೊಟ್ಟು ಬರೆಸಿಕೊಂಡದ್ದೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ನಮ್ಮ ಪುಟದಲ್ಲಿದ್ದ ಹೆಸರುಗಳಲ್ಲಿ ಹೆಚ್ಚಿನವು ಆ ಮನೆಯವರು ಹೇಳಿ ಬಂದವಲ್ಲ. ಸರ್ಕಾರ ಬರೆದಿಟ್ಟವು. ಅದೂ ದುಡ್ಡು ವಸೂಲಿಗೆ. ನೀವು ಸರ್ವಿಸ್ಸಿನಲ್ಲಿ ಪೌತಿ ಖಾತೆ ಎಷ್ಟು ಮಾಡಿಸಿದ್ದೀರೋ ಲೆಕ್ಕವಿಲ್ಲ. ಯಜಮಾನ ತೀರಿಕೊಂಡ, ಜಮೀನು ಯಾರಿಗೆ ಹೋಗಬೇಕು ಅಂತ ವಂಶವೃಕ್ಷ ಕೇಳುತ್ತೀರಿ, ಊರವರನ್ನು ಕೂರಿಸಿ ಹೇಳಿಕೆ ಬರೆದುಕೊಳ್ಳುತ್ತೀರಿ. 13ನೇ ಶತಮಾನದ ಇಂಗ್ಲೆಂಡಿನಲ್ಲಿ ನಡೆಯುತ್ತಿದ್ದದ್ದೂ ಹೆಚ್ಚುಕಮ್ಮಿ ಇದೇ.

ಅಲ್ಲಿ ದೊಡ್ಡ ಜಮೀನ್ದಾರರು ನೇರವಾಗಿ ರಾಜನಿಂದ ಭೂಮಿ ಪಡೆದವರು. ಅಂಥವನೊಬ್ಬ ಸತ್ತರೆ ಭೂಮಿ ತಾತ್ಕಾಲಿಕವಾಗಿ ರಾಜನ ಕೈಗೆ ಹೋಗುತ್ತಿತ್ತು. ಎಸ್ಚೀಟರ್ ಎಂಬ ಅಧಿಕಾರಿ ಸತ್ತವನ ಭೂಮಿ ಇದ್ದ ಒಂದೊಂದು ಕೌಂಟಿಯಲ್ಲೂ ಸ್ಥಳೀಯರನ್ನು, ಸಾಮಾನ್ಯವಾಗಿ ಹನ್ನೆರಡು ಜನರನ್ನು, ಸೇರಿಸಿ ಪ್ರಮಾಣ ಮಾಡಿಸುತ್ತಿದ್ದ. ಏನೇನು ಭೂಮಿ ಇತ್ತು? ಯಾರಿಂದ, ಯಾವ ಕರಾರಿನ ಮೇಲೆ ಬಂದದ್ದು? ಯಾವತ್ತು ಸತ್ತ? ಹತ್ತಿರದ ವಾರಸುದಾರ ಯಾರು, ವಯಸ್ಸೆಷ್ಟು? ಉತ್ತರವನ್ನು ಚರ್ಮದ ಹಾಳೆಯ ಮೇಲೆ ಲ್ಯಾಟಿನ್‌ನಲ್ಲಿ ಬರೆದು ಸೀಲು ಒತ್ತಿ ಕಳಿಸುತ್ತಿದ್ದರು. ಇದಕ್ಕೆ 'ಇನ್‌ಕ್ವಿಸಿಷನ್ ಪೋಸ್ಟ್ ಮಾರ್ಟಮ್', ಅಂದರೆ ಸತ್ತ ಮೇಲಿನ ವಿಚಾರಣೆ, ಎಂದು ಹೆಸರು. ಮೂರನೇ ಹೆನ್ರಿಯ ಕಾಲದಲ್ಲಿ ಶುರುವಾಗಿ 17ನೇ ಶತಮಾನದ ನಡುವಿನವರೆಗೆ ನಡೆಯಿತು. ಕಾಗದಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ.

ವಯಸ್ಸು ಯಾಕೆ ಬೇಕು ಅಂದರೆ, ಅಲ್ಲೇ ಆದಾಯ ಇದ್ದದ್ದು. ವಾರಸುದಾರ ದೊಡ್ಡವನಾಗಿದ್ದರೆ ಒಂದು ಮೊತ್ತ ಕಟ್ಟಿ ಭೂಮಿ ಬಿಡಿಸಿಕೊಳ್ಳಬೇಕು. ಮೊದಲು ರಾಜ ಬಾಯಿಗೆ ಬಂದಷ್ಟು ಕೇಳುತ್ತಿದ್ದ. 1215ರ ಮ್ಯಾಗ್ನಾ ಕಾರ್ಟಾ ಎಂಬ ಸನ್ನದು ಅದನ್ನು ಅರ್ಲ್ ಅಥವಾ ಬ್ಯಾರನ್‌ಗೆ (ಇವು ದೊಡ್ಡ ಜಮೀನ್ದಾರರ ಬಿರುದುಗಳು) 100 ಪೌಂಡ್ ಎಂದು ಕಟ್ಟಿಹಾಕಿತು. ವಾರಸುದಾರ ಮೈನರ್ ಆಗಿದ್ದರಂತೂ ರಾಜನಿಗೆ ಹಬ್ಬ. ಹುಡುಗನಿಗೆ 21 ತುಂಬುವವರೆಗೆ ಭೂಮಿಯ ಉತ್ಪತ್ತಿ ರಾಜನದು, ಮದುವೆ ಮಾಡಿಸುವ ಹಕ್ಕೂ ರಾಜನದು. ಎರಡನ್ನೂ ಬೇರೆಯವರಿಗೆ ಮಾರಬಹುದಿತ್ತು, ಮಾರುತ್ತಿದ್ದರು.

21 ತುಂಬಿದೆ ಎಂದು ಸಾಬೀತು ಮಾಡುವುದು ಹೇಗೆ? ಚರ್ಚುಗಳಲ್ಲಿ ಜನನ-ಮರಣದ ರಿಜಿಸ್ಟರ್ ಶುರುವಾದದ್ದೇ 1538ರಲ್ಲಿ. ಅದಕ್ಕೆ ಮೊದಲು ಮತ್ತೆ ಹನ್ನೆರಡು ಜನರನ್ನೇ ಕರೆಯುತ್ತಿದ್ದರು. ಈ ಹುಡುಗ ಹುಟ್ಟಿದ ದಿನ ನಿನಗೆ ಹೇಗೆ ನೆನಪಿದೆ ಅಂತ ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಅವತ್ತೇ ನಾನು ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡೆ ಅಂತ ಒಬ್ಬ. ಅದೇ ವಾರ ನನ್ನ ಮನೆಗೆ ಬೆಂಕಿ ಬಿತ್ತು ಅಂತ ಇನ್ನೊಬ್ಬ. ನನ್ನ ಮಗಳ ಮದುವೆ ಅವತ್ತೇ ಆದದ್ದು ಅಂತ ಮತ್ತೊಬ್ಬ. ಓದಲು ಬಲು ಚೆನ್ನ. ತಮಾಷೆ ಅಂದರೆ, ಅದೇ ಕಾಲು ಮುರಿತ, ಅದೇ ಬೆಂಕಿ ಬೇರೆ ಊರಿನ, ಬೇರೆ ವರ್ಷದ ಕಾಗದಗಳಲ್ಲೂ ಸಿಗುತ್ತವೆ. ಗುಮಾಸ್ತರು ಹಳೇ ನಮೂನೆ ನೋಡಿಕೊಂಡು ಬರೆದಿದ್ದಾರೆ ಅಂತ ಇತಿಹಾಸಕಾರರಿಗೆ ಗುಮಾನಿ. ನಿಮಗೆ ಇದರಲ್ಲಿ ಆಶ್ಚರ್ಯ ಏನೂ ಇರಲಾರದು. ಹಾಗಂತ ವಾರಸುದಾರನ ಹೆಸರನ್ನು ಸುಮ್ನೆ ಬರೆಯುವಂತಿರಲಿಲ್ಲ. ಭೂಮಿ ಬಿಟ್ಟುಹೋಗುತ್ತದೆ ಅಂದರೆ ಎದುರುಪಾರ್ಟಿ ಬಿಡುತ್ತಾನೆಯೇ?

ಇನ್ನು ಹೆಣ್ಣುಮಕ್ಕಳ ವಿಷಯ. ನೀವು ಕೇಳಿದ್ದರಲ್ಲಿ ನನಗೆ ಜಾಸ್ತಿ ಇಷ್ಟವಾದ ಪ್ರಶ್ನೆ ಇದು.

ಗಂಡುಮಕ್ಕಳಿದ್ದರೆ ಹಿರಿಯ ಮಗನಿಗೇ ಎಲ್ಲ. ಗಂಡು ಇಲ್ಲದಿದ್ದರೆ ಮಾತ್ರ ಹೆಣ್ಣುಮಕ್ಕಳಿಗೆ, ಆದರೆ ಆಗ ಹಿರಿಯಳು ಕಿರಿಯಳು ಎನ್ನದೆ ಸಮಪಾಲು. ಹಾಗಾಗಿ ಅಣ್ಣತಮ್ಮಂದಿರು ಇರುವವರೆಗೆ ಹೆಣ್ಣುಮಗಳು ಈ ಕಾಗದಗಳಲ್ಲಿ ಬರುವುದಿಲ್ಲ. ಅವರು ಸತ್ತ ಕೂಡಲೇ ಅವಳ ಹೆಸರು, ಗಂಡನ ಹೆಸರು, ವಯಸ್ಸು ಎಲ್ಲ ಪ್ರತ್ಯಕ್ಷ.

ವಿಲಿಯಂ ಮಾರ್ಷಲ್‌ನ ಮನೆ ನೋಡಿ. ಅಪ್ಪನ ಆಸ್ತಿ ಸಿಗದ ಕಿರಿಯ ಮಗ. ಟೂರ್ನಮೆಂಟುಗಳಲ್ಲಿ ಹೊಡೆದಾಡಿ ಹೆಸರು ಮಾಡಿ, ದೊಡ್ಡ ಆಸ್ತಿಯ ವಾರಸುದಾರಳು ಇಸಬೆಲ್ ಡಿ ಕ್ಲೇರ್‌ಳನ್ನು ಮದುವೆಯಾಗಿ, ಕೊನೆಗೆ ಬಾಲಕ ಮೂರನೇ ಹೆನ್ರಿಯ ಪರವಾಗಿ ರಾಜ್ಯವನ್ನೇ ನಡೆಸಿದ. 1219ರಲ್ಲಿ ಸತ್ತಾಗ ಐದು ಗಂಡು, ಐದು ಹೆಣ್ಣು. ಮನೆ ತುಂಬಿತ್ತು. ಆದರೆ ಗಂಡುಮಕ್ಕಳು 1231, 1234, 1241ರಲ್ಲಿ ಒಬ್ಬೊಬ್ಬರಾಗಿ ಹೋದರು. ಉಳಿದಿಬ್ಬರು 1245ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ. ಐವರಲ್ಲಿ ಒಬ್ಬನಿಗೂ ಆಸ್ತಿಗೆ ಬರುವಂಥ ಮಕ್ಕಳಿರಲಿಲ್ಲ. ಐರ್ಲೆಂಡಿನ ಫರ್ನ್ಸ್‌ನ ಬಿಷಪ್ಪನಿಂದ ಎರಡು ಗ್ರಾಮ ಕಿತ್ತುಕೊಂಡಿದ್ದಕ್ಕೆ ಶಾಪ ತಟ್ಟಿತು ಎಂದು ಆ ಕಾಲದ ಸನ್ಯಾಸಿ ಮ್ಯಾಥ್ಯೂ ಪ್ಯಾರಿಸ್ ಬರೆದ.

ಶಾಪವೋ ಏನೋ, ಆಸ್ತಿ ಐದು ಪಾಲಾಯಿತು. ಮಗಳು ಸಿಬಿಲ್‌ಗೆ ಏಳು ಹೆಣ್ಣುಮಕ್ಕಳು. ಅವಳ ಐದನೇ ಒಂದು ಪಾಲು ಮತ್ತೆ ಏಳಾಯಿತು, ಅಂದರೆ ಒಟ್ಟು ಆಸ್ತಿಯಲ್ಲಿ 35ರಲ್ಲಿ ಒಂದೊಂದು. ಇನ್ನೊಬ್ಬ ಮಗಳು ಈವಾ. ಅವಳ ಪಾಲು ಮೂವರು ಹೆಣ್ಣುಮಕ್ಕಳಿಗೆ ಹಂಚಿಹೋಯಿತು. ಆ ಮೂವರಲ್ಲಿ ಮಾಡ್ ಎಂಬವಳು ರೋಜರ್ ಮಾರ್ಟಿಮರ್‌ನ ಹೆಂಡತಿ. (1265ರ ಈವ್‌ಶಾಮ್ ಯುದ್ಧದಲ್ಲಿ ಬಿದ್ದ ಬಂಡಾಯದ ನಾಯಕ ಸೈಮನ್ ಡಿ ಮಾಂಟ್‌ಫರ್ಟ್‌ನ ತಲೆಯನ್ನು ಈ ಮಾಡ್‌ಗೆ ಕಳಿಸಿಕೊಟ್ಟರು ಎಂದು ಆಗಿನ ಬರಹಗಳು ಹೇಳುತ್ತವೆ. ಅಂಥ ಮನೆ.) ಮಾಡ್‌ಳ ಹೆಸರನ್ನು ನೆನಪಿಡಿ, ಅವಳು ಮತ್ತೆ ಬರುತ್ತಾಳೆ.

ಮತ್ತೊಬ್ಬ ಮಗಳು, ಅಮ್ಮನ ಹೆಸರಿನವಳೇ ಆದ ಇಸಬೆಲ್, ಕ್ಲೇರ್ ಮನೆಗೆ ಸೊಸೆಯಾಗಿ ಹೋದಳು. ಅವಳ ಮರಿಮಗ ಗಿಲ್ಬರ್ಟ್ ಡಿ ಕ್ಲೇರ್ 1314ರ ಜೂನ್ 24ರಂದು ಸ್ಕಾಟ್ಲೆಂಡಿನ ಬ್ಯಾನಕ್‌ಬರ್ನ್ ಯುದ್ಧದಲ್ಲಿ ಸತ್ತ. ಮಕ್ಕಳಿಲ್ಲ, ಮೂವರು ತಂಗಿಯರು. ಪಾಲು ಮಾಡಿದರೆ ಮುಗಿಯಿತು ಅನ್ನುವಷ್ಟರಲ್ಲಿ ಅವನ ಹೆಂಡತಿ ತಾನು ಬಸುರಿ ಎಂದಳು. ಹುಟ್ಟುವ ಮಗುವಿಗಾಗಿ ಎಲ್ಲರೂ ಕಾದರು. ವರ್ಷ ಕಳೆಯಿತು, ಎರಡು ವರ್ಷ ಕಳೆಯಿತು. ಹಿರಿಯ ತಂಗಿ ಎಲಿನರ್‌ಳ ಗಂಡ ಹ್ಯೂ ಡಿಸ್ಪೆನ್ಸರ್ ಗಲಾಟೆ ಮಾಡುತ್ತಲೇ ಇದ್ದ. ಗಿಲ್ಬರ್ಟ್‌ನ ಹೆಂಡತಿ ಬಸುರಿ ಎಂದೇ ಅಧಿಕಾರಿಗಳು ಹೇಳುತ್ತಿದ್ದರು. ಎರಡನೇ ಎಡ್ವರ್ಡ್‌ಗೆ ಆಸ್ತಿ ಕೈಬಿಡಲು ಮನಸ್ಸಿರಲಿಲ್ಲ ಅಂತ ನನ್ನ ಅನಿಸಿಕೆ. ಕೊನೆಗೆ ಪಾಲಾದದ್ದು 1317ರಲ್ಲಿ. ಇವರಿಗೆ ಅಪ್ಪನ ಮೊದಲ ಹೆಂಡತಿಯ ಕಡೆಯ ಅಕ್ಕಂದಿರೂ ಇದ್ದರು. ಅವರಿಗೆ ಏನೂ ಸಿಗಲಿಲ್ಲ. ಒಡಹುಟ್ಟು ಅಂದರೆ ಅಪ್ಪ-ಅಮ್ಮ ಇಬ್ಬರೂ ಒಂದೇ ಆಗಿರಬೇಕು ಅಂತ ಅಲ್ಲಿನ ಕಾನೂನು. ಇಂಥ ಒಂದು ನಿಯಮ ಇದ್ದದ್ದರಿಂದಲೇ ಯಾರು ಯಾವ ತಾಯಿಯ ಮಗಳು ಎಂಬುದು ನಮಗೆ ಈವತ್ತು ತಿಳಿಯುತ್ತದೆ.

ಕಿರಿಯ ತಂಗಿ ಎಲಿಜಬೆತ್ ಬಗ್ಗೆ ಒಂದು ಮಾತು. 27 ತುಂಬುವ ಮೊದಲೇ ಮೂರು ಸಲ ವಿಧವೆಯಾದಳು. ಮತ್ತೆ ಮದುವೆಯಾಗಲಿಲ್ಲ. 1360ರವರೆಗೆ ಬದುಕಿ ತನ್ನ ಆಸ್ತಿಯನ್ನು ತಾನೇ ನೋಡಿಕೊಂಡಳು. ಅವಳ ಮನೆಯ ಖರ್ಚಿನ ಲೆಕ್ಕಪತ್ರಗಳು ಉಳಿದಿವೆ. ಕೇಂಬ್ರಿಡ್ಜ್‌ನ ಕ್ಲೇರ್ ಕಾಲೇಜಿಗೆ ಆ ಹೆಸರು ಬಂದದ್ದು ಅವಳಿಂದ.

ಈಗ ನಿಮ್ಮ ರೋಜರ್, ಎಡ್ಮಂಡ್‌ಗಳು. ಮಾಡ್‌ಳ ಗಂಡ ರೋಜರ್ ಸತ್ತದ್ದು 1282ರಲ್ಲಿ. ಮಗ ಎಡ್ಮಂಡ್, ಅವನ ಮಗ ರೋಜರ್, ಅವನ ಮಗ ಎಡ್ಮಂಡ್. ಹೀಗೆ ಎಂಟು ತಲೆ, 1425ರವರೆಗೆ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ನಮಗೂ ಹೊಸದಲ್ಲ ಬಿಡಿ. ಇವರನ್ನು ಬೇರೆ ಮಾಡಿ ತೋರಿಸುವುದು ಸಾವಿನ ವರ್ಷ. 1330ರಲ್ಲಿ ನೇಣಿಗೇರಿದ ರೋಜರ್ ಬೇರೆ, 1360ರಲ್ಲಿ ತೀರಿಕೊಂಡ ರೋಜರ್ ಬೇರೆ, 1398ರಲ್ಲಿ ಸತ್ತ ರೋಜರ್ ಬೇರೆ. ಕೊನೆಯವನಿಗೆ ವಾರಸುದಾರ ಆರು ವರ್ಷದ ಎಡ್ಮಂಡ್. ಅವನೂ 1425ರಲ್ಲಿ ಮಕ್ಕಳಿಲ್ಲದೆ ಸತ್ತ. ಆಸ್ತಿ ಅಕ್ಕ ಆ್ಯನ್‌ಳ ಮಗ, ಯಾರ್ಕ್‌ನ ಡ್ಯೂಕ್ ರಿಚರ್ಡ್‌ಗೆ ಬಂತು.

ಬರೀ ಆಸ್ತಿ ಬಂದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. 1381ರಲ್ಲಿ ಸತ್ತ ಎಡ್ಮಂಡ್ ಮಾರ್ಟಿಮರ್‌ನ ಹೆಂಡತಿ ಫಿಲಿಪ್ಪಾ, ಮೂರನೇ ಎಡ್ವರ್ಡ್‌ನ ಮಗ ಲಯೋನೆಲ್‌ನ ಒಬ್ಬಳೇ ಮಗಳು. 1425ರ ಹೊತ್ತಿಗೆ ಗದ್ದುಗೆಯಲ್ಲಿದ್ದ ಲ್ಯಾಂಕಾಸ್ಟರ್ ಮನೆ ಲಯೋನೆಲ್‌ನ ತಮ್ಮನಿಂದ ಬಂದದ್ದು. ಅಣ್ಣನ ಮಗಳ ಸಂತಾನ ಮೇಲೋ, ತಮ್ಮನ ಮಗನ ಸಂತಾನ ಮೇಲೋ? 1460ರಲ್ಲಿ ಯಾರ್ಕ್‌ನ ರಿಚರ್ಡ್ ತನ್ನ ವಂಶಾವಳಿ ಬರೆಸಿ ಪಾರ್ಲಿಮೆಂಟಿನ ಮುಂದಿಟ್ಟ. ಅದೇ ಡಿಸೆಂಬರ್‌ನಲ್ಲಿ ಯುದ್ಧದಲ್ಲಿ ಸತ್ತ. ಮರುವರ್ಷ ಅವನ ಮಗ ನಾಲ್ಕನೇ ಎಡ್ವರ್ಡ್ ರಾಜನಾದ. ಕಿರಿಯ ಮಗನೇ ಕಾರ್ ಪಾರ್ಕಿಂಗಿನಲ್ಲಿ ಸಿಕ್ಕ ಮೂರನೇ ರಿಚರ್ಡ್. ನೀವು 'ಮಾಯ' ಎಂದ ಹೆಣ್ಣುಮಕ್ಕಳನ್ನು ತೆಗೆದರೆ ಈ ಕಥೆಯೇ ಇಲ್ಲ.

ಈ ದಾಖಲೆಗಳಲ್ಲಿ ತೂತು ಇಲ್ಲವೇ? ಬೇಕಾದಷ್ಟಿವೆ. ಭೂಮಿ ಸಿಗದ ಕಿರಿಯ ಮಕ್ಕಳು, ಹಸುಗೂಸಾಗಿ ಸತ್ತವರು ಬರುವುದಿಲ್ಲ. '30 ವರ್ಷ ಮತ್ತು ಮೇಲ್ಪಟ್ಟು' ಅಂತ ಬರೆದಿದ್ದರೆ 30 ಇರಬಹುದು, 45 ಇರಬಹುದು. ಬುದ್ಧಿವಂತ ಜಮೀನ್ದಾರರು ಇನ್ನೊಂದು ದಾರಿ ಹುಡುಕಿದರು. ಬದುಕಿರುವಾಗಲೇ ಭೂಮಿಯನ್ನು ನಂಬಿಕಸ್ಥರ ಹೆಸರಿಗೆ ಮಾಡಿ, ಉತ್ಪತ್ತಿಯನ್ನು ತಾವೇ ತಿನ್ನುವುದು. ಸತ್ತಾಗ ಹೆಸರಿನಲ್ಲಿ ಭೂಮಿಯೇ ಇಲ್ಲ, ರಾಜನಿಗೆ ಕವಡೆಯೂ ಇಲ್ಲ. ಎಂಟನೇ ಹೆನ್ರಿ 1536ರಲ್ಲಿ ಕಾನೂನು ತಂದು ಇದನ್ನು ತಡೆಯಲು ನೋಡಿದ. ಬೇನಾಮಿ ನಿಮಗೆ ನಾನು ಹೇಳಿಕೊಡಬೇಕೇ?

ನಿಮ್ಮ ಗುಮಾನಿಗೆ ಸರಿಯಾಗಿ ಸಿಗುವುದು 16ನೇ ಶತಮಾನ. ಕುರಿ ಸಾಕಿ, ಉಣ್ಣೆ ಮಾರಿ ಹೊಸದಾಗಿ ಸಿರಿವಂತರಾದವರಿಗೆ ಹಳೇ ಮನೆತನ ಬೇಕಾಯಿತು. ಲಾಂಛನ ನೋಡಿಕೊಳ್ಳುವ ಹೆರಾಲ್ಡ್ ಎಂಬ ಅಧಿಕಾರಿಗಳು ಊರೂರು ಸುತ್ತಿ ವಂಶಾವಳಿ ದಾಖಲು ಮಾಡುತ್ತಿದ್ದರು. ಕೆಲವರು ತಯಾರಿಸಿಯೂ ಕೊಡುತ್ತಿದ್ದರು. ಆಲ್ತೊರ್ಪ್‌ನ ಸ್ಪೆನ್ಸರ್ ಮನೆಯವರು, ಡಯಾನಾಳ ತವರು, ಕುರಿಯಿಂದಲೇ ಮೇಲೆ ಬಂದವರು. 1595ರಲ್ಲಿ ರಿಚರ್ಡ್ ಲೀ ಎಂಬ ಹೆರಾಲ್ಡ್ ಅವರನ್ನು ಆ ಹಳೇ ಡಿಸ್ಪೆನ್ಸರ್‌ಗಳಿಗೆ ಜೋಡಿಸಿಕೊಟ್ಟ. ಮುನ್ನೂರು ವರ್ಷ ಅದು ನಡೆಯಿತು. 1901ರಲ್ಲಿ ಹೊರೇಸ್ ರೌಂಡ್ ಎಂಬ ಇತಿಹಾಸಕಾರ ಅದನ್ನು ಚಿಂದಿ ಮಾಡಿದ. ಡೆನ್‌ಬಿಯ ಅರ್ಲ್‌ಗಳು ತಾವು ಹ್ಯಾಬ್ಸ್‌ಬರ್ಗ್ ಚಕ್ರವರ್ತಿಗಳ ಕುಲದವರು ಎನ್ನುತ್ತಿದ್ದರು. ಅದೂ ಅವನ ಕೈಯಲ್ಲೇ ಹೋಯಿತು. ರೌಂಡ್ ಜಗಳಗಂಟ ಮನುಷ್ಯ. ಆದರೆ ಮನೆಯವರ ಮಾತು ಬಿಟ್ಟು ಸರ್ಕಾರಿ ಕಡತ ನೋಡಿ ಎಂದು ಹಟ ಹಿಡಿದವನು.

ಡಿಎನ್‌ಎ ಬಗ್ಗೆ ನಮ್ಮ ಲೇಖನ ಚುಟುಕಾಗಿತ್ತು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಾಯಿಯಿಂದ ಮಕ್ಕಳಿಗೆ ಬರುವ ಡಿಎನ್‌ಎಯನ್ನು ಮೂರನೇ ರಿಚರ್ಡ್‌ನ ಅಕ್ಕ ಆ್ಯನ್‌ಳ (ಮೇಲೆ ಬಂದ ಆ್ಯನ್ ಇವರ ಅಜ್ಜಿ, ಅವಳು ಬೇರೆ) ಹೆಣ್ಣು ಸಂತತಿಯ ಇಬ್ಬರ ಜೊತೆ ಹೋಲಿಸಿದರು. ಅದು ಹೊಂದಿತು. ಅಪ್ಪನಿಂದ ಮಗನಿಗೆ ಬರುವ ವೈ ಕ್ರೋಮೋಸೋಮನ್ನು ಮೂರನೇ ಎಡ್ವರ್ಡ್‌ನ ಗಂಡು ಸಂತತಿ ಎನಿಸಿಕೊಂಡ ಐವರ ಜೊತೆ ಹೋಲಿಸಿದರು. ಐವರೂ ಬ್ಯೂಫರ್ಟ್‌ನ ಐದನೇ ಡ್ಯೂಕ್‌ನಿಂದ ಬಂದವರು. ಅವರಲ್ಲಿ ನಾಲ್ವರದು ಪರಸ್ಪರ ಹೊಂದಿತು, ಒಬ್ಬನದು ಅವರ ಜೊತೆಯೂ ಹೊಂದಲಿಲ್ಲ. ರಿಚರ್ಡ್‌ನದು ಯಾರ ಜೊತೆಯೂ ಇಲ್ಲ. 2014ರ ಡಿಸೆಂಬರ್‌ನಲ್ಲಿ ಇದು ಪ್ರಕಟವಾಯಿತು. ಇಷ್ಟು ತಲೆಮಾರುಗಳಲ್ಲಿ ಎಲ್ಲೋ ಒಂದು ಕಡೆಯಾದರೂ ಕಾಗದದ ಅಪ್ಪ ಹುಟ್ಟಿಸಿದ ಅಪ್ಪನಾಗಿರಲಿಲ್ಲ. ಯಾವ ಕೊಂಡಿ ಎಂದು ಈ ಪರೀಕ್ಷೆ ಹೇಳುವುದಿಲ್ಲ. ಆದರೆ ಆ ಹನ್ನೆರಡು ಜನರನ್ನು ಯಾರೂ ಅದನ್ನು ಕೇಳಿರಲಿಲ್ಲವಲ್ಲ ಸರ್. ಮದುವೆಯಾದ ಹೆಂಡತಿಗೆ ಹುಟ್ಟಿದ ಮಗು ಗಂಡನದೇ ಎಂದು ಕಾನೂನು ಹಿಡಿಯುತ್ತಿತ್ತು. ಜಮೀನು ಯಾರಿಗೆ ಎಂದು ಕೇಳಿದರು, ಅವರು ಹೇಳಿದರು.

ಮೊಮ್ಮಗಳು ಲೆಸ್ಟರ್‌ನಲ್ಲಿ ಓದುತ್ತಿದ್ದಾಳೆ, ಅವಳ ಸಹಪಾಠಿಯ ಮನೆಹೆಸರು ಮಾರ್ಟಿಮರ್, ಅವನೂ ಅದೇ ಮನೆಯವನೇ ಎಂದು ಪತ್ರದ ಕೊನೆಗೆ ಕೇಳಿದ್ದೀರಿ. ಮನೆಹೆಸರೊಂದರಿಂದ ಏನೂ ಸಾಬೀತಾಗುವುದಿಲ್ಲ. ಹಿರಿಯ ಶಾಖೆ 1425ರಲ್ಲೇ ನಿಂತಿತು. ಕಿರಿಯ ಶಾಖೆಗಳಿದ್ದವು, ಏನೂ ಸಂಬಂಧವಿಲ್ಲದೆ ಅದೇ ಹೆಸರಿಟ್ಟುಕೊಂಡವರೂ ಇದ್ದರು. ಅವನಿಗೆ ನಿಜವಾಗಿ ತಿಳಿಯಬೇಕಿದ್ದರೆ ತನ್ನ ಅಜ್ಜನಿಂದ ಒಂದೊಂದೇ ತಲೆ ಹಿಂದಕ್ಕೆ ಹೋಗಬೇಕು. 1538ರವರೆಗೆ ಚರ್ಚಿನ ರಿಜಿಸ್ಟರ್ ಸಿಕ್ಕರೆ ಅದೃಷ್ಟ. ಅದಕ್ಕೂ ಹಿಂದೆ ಹೋಗಲು ಉಯಿಲು ಅಥವಾ ಭೂಮಿಯ ಕಾಗದ ಬೇಕು. ನಿಮಗೇ ಆ ಕಾಗದ ನೋಡುವ ಆಸೆಯಿದ್ದರೆ ಮೊಮ್ಮಗಳಿಗೆ ಹೇಳಿ. ಈ ವಿಚಾರಣೆಗಳ ಸಾರಾಂಶವನ್ನು ಇಂಗ್ಲಿಷಿನಲ್ಲಿ ಸಂಪುಟಗಳಾಗಿ ಅಚ್ಚು ಹಾಕಿದ್ದಾರೆ. ಹಳೇ ಸಂಪುಟಗಳ ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಗಿಲ್ಬರ್ಟ್ ಡಿ ಕ್ಲೇರ್‌ನದರಿಂದ ಶುರು ಮಾಡಿ. ಎಕರೆ, ಗಿರಣಿ, ಹುಲ್ಲುಗಾವಲು, ಬಾಡಿಗೆ ಎಲ್ಲ ಬರೆದಿದ್ದಾರೆ. ವಾರಸುದಾರರ ಹೆಸರು ಕೊನೆಗೆ ಬರುತ್ತದೆ.