ಮಲತಾಯಿಗೂ ಜೊತೆಗಾತಿಯರು ಬೇಕು

(ಗುರುತಿನ ವಿವರಗಳನ್ನು ಬದಲಿಸಲಾಗಿದೆ.)

ಸಲಹೆಗೆಂದು ನಮ್ಮ ಬಳಿ ಬಂದ ಈ ಮಹಿಳೆಗೆ 36 ವರ್ಷ. ಪತ್ನಿ ತೀರಿಹೋದವರನ್ನು ಮದುವೆಯಾಗಿ ನಾಲ್ಕು ವರ್ಷ. ಮನೆಯಲ್ಲಿ ಹದಿಮೂರರ ಮಗಳು, ಎಂಟರ ಮಗ. ಇವರಿಗೆ ಮಕ್ಕಳಾಗಲಿಲ್ಲ. ಮಗಳನ್ನು ಗದರಿದರೆ "ಮಲತಾಯಿ ಬುದ್ಧಿ", ಸುಮ್ಮನಿದ್ದರೆ "ಹೆತ್ತಿದ್ರೆ ಗೊತ್ತಾಗ್ತಿತ್ತು". ನಾದಿನಿಯ ಸೀಮಂತದಲ್ಲಿ ಉಡಿ ತುಂಬಲು ಇವರನ್ನು ಬಿಟ್ಟು ಪಕ್ಕದವರನ್ನು ಕರೆದರಂತೆ. ನಿದ್ದೆ, ಹಸಿವು ಎರಡು ವಾರ ಮೀರಿ ಕೆಟ್ಟಿದ್ದರಿಂದ ಮೊದಲು ಮನೋವೈದ್ಯರ ತಪಾಸಣೆ ಮಾಡಿಸಿದೆವು.

ಇಲ್ಲಿ ಎರಡು ನೋವು ಹೆಣೆದುಕೊಂಡಿವೆ: ತಾಯಿಯಾಗಲಿಲ್ಲವೆಂಬುದು, ತಾಯಿಯ ಕೆಲಸವೆಲ್ಲ ಮಾಡಿಯೂ ಲೆಕ್ಕಕ್ಕಿಲ್ಲವೆಂಬುದು. ಸ್ವಂತ ಮಕ್ಕಳಿರುವ ಮಲತಾಯಂದಿರು ಒಳ್ಳೆ ಮನಸ್ಸಿನಿಂದಲೇ "ನಿಂಗೂ ಒಂದಾಗ್ಲಿ, ಸರಿಹೋಗುತ್ತೆ" ಅನ್ನುತ್ತಾರೆ. ಆ ಸಮಾಧಾನವೇ ಚುಚ್ಚುತ್ತದೆ. ಹಾಗಾಗಿ ಇವರಂಥವರದೇ ಪುಟ್ಟ ಗುಂಪಿಗೆ ಸೇರಿಸಿದೆವು.

ಐದಾರು ಜನ ಸಾಕು. ಎರಡು ವಾರಕ್ಕೊಮ್ಮೆ, ಒಂದೂವರೆ ಗಂಟೆ, ಯಾರ ಮನೆಯಲ್ಲೂ ಅಲ್ಲ. ಒಬ್ಬೊಬ್ಬರಿಗೆ ಹತ್ತು ನಿಮಿಷ. ನಡುವೆ ಬಾಯಿ ಹಾಕುವಂತಿಲ್ಲ, ಕೇಳದೆ ಸಲಹೆ ಕೊಡುವಂತಿಲ್ಲ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಪ್ರತಿಯೊಬ್ಬರೂ ಈ ವಾರ ಮನೆಯಲ್ಲಿ ಮಾಡಿನೋಡುವ ಒಂದು ಕೆಲಸ ಹೇಳಬೇಕು. ಇದನ್ನು ಬಿಟ್ಟರೆ ಗುಂಪು ಬರೀ ದೂರಿನ ಕಟ್ಟೆಯಾಗುತ್ತದೆ. ಹೆಂಗಸರು ಇನ್ನಷ್ಟು ಕುದಿಯುತ್ತಾ ಮನೆಗೆ ಹೋಗುತ್ತಾರೆ. ಮಕ್ಕಳ ಹೆಸರು, ಫೋಟೊ, ಅಂಕ ಯಾವುದೂ ವಾಟ್ಸ್‌ಆ್ಯಪ್‌ಗೆ ಬೇಡ. ಒಂದು ಸ್ಕ್ರೀನ್‌ಶಾಟ್ ಆ ಹುಡುಗಿಯ ಕಣ್ಣಿಗೆ ಬಿದ್ದರೆ ಮತ್ತೆ ನಂಬಿಕೆ ಗಳಿಸುವುದು ಬಹಳ ಕಷ್ಟ. ಯಾರಾದರೂ ಸಾಯುವ ಮಾತಾಡಿದರೆ ಅದನ್ನು ಗುಂಪು ಹೊರಬಾರದು. ಕೂಡಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿಸಬೇಕು. ಮಗುವಿಗೆ ಹಿಂಸೆಯಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಗಂಡನನ್ನೂ ಕರೆಸಿದೆವು, ಏಕೆಂದರೆ ಅವರು ಮಾಡಬೇಕಾದ್ದನ್ನು ಯಾವ ಗೆಳತಿಯೂ ಮಾಡಲಾರಳು. ಸದ್ಯಕ್ಕೆ ಶಿಸ್ತಿನ ಮಾತು ತಂದೆಯದೇ ಆಗಿರಲಿ. ಬಂಧುಗಳ ಚುಚ್ಚುಮಾತಿಗೆ ಉತ್ತರ ಅವರ ಬಾಯಿಂದಲೇ, ಅಲ್ಲೇ ಬರಲಿ. ಹೆತ್ತ ತಾಯಿಯ ಫೋಟೊ ಇದ್ದಲ್ಲೇ ಇರಲಿ. ತಿಥಿಯ ದಿನ ಮಕ್ಕಳೇ ಹೂ ಹಾಕಲಿ.

ಕಾಗದಪತ್ರವೂ ಮುಖ್ಯ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯಲ್ಲಿ ಮಲತಾಯಿ ಸಹಜ ಪೋಷಕಿಯಲ್ಲ, ಅಂದರೆ ಮಕ್ಕಳ ಪರವಾಗಿ ನಿರ್ಧರಿಸುವ ಹಕ್ಕು ಅವಳಿಗೆ ತಾನಾಗಿಯೇ ಬರುವುದಿಲ್ಲ. ಶಾಲೆಗೆ ತಂದೆಯ ಲಿಖಿತ ಒಪ್ಪಿಗೆ ಕೊಡಿಸಿ, ಉಯಿಲಿನಲ್ಲಿ ಇವರನ್ನು ಪೋಷಕಿಯೆಂದು ನಮೂದಿಸುವ ಬಗ್ಗೆ ವಕೀಲರನ್ನು ಕಾಣಲು ಹೇಳಿದೆವು.

ಕೆಲವು ತಿಂಗಳಲ್ಲಿ ನಿದ್ದೆ ಸುಧಾರಿಸಿದೆ. ಮಗಳ ಜೊತೆಗಿನ ಬಿಗುವು ಇನ್ನೂ ಇದೆ. ಅವಳೊಬ್ಬಳ ಜೊತೆ ಮಾತಾಡಲು ಬೇರೆ ಭೇಟಿ ಗೊತ್ತುಮಾಡಿದ್ದೇವೆ.